ಟಯರಿನ ಪಕ್ಕೆಯ ಲೆಕ್ಕ

(ಹಾಸನದಲ್ಲಿ ಟ್ಯಾಕ್ಸಿ ಚಾಲಕರು, ಮೆಕ್ಯಾನಿಕ್‌ಗಳು ಮತ್ತು ಸ್ವಂತ ಕಾರು ಓಡಿಸುವವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ತಾತನ ಮನೆಯಲ್ಲಿ ಎರಡು ಗಾಡಿಗಳಿದ್ದವು. ಒಂದು ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಳೆಯ ಗಾಡಿ, ಇನ್ನೊಂದು ಟಯರ್ ಗಾಡಿ. ಆಲೂಗಡ್ಡೆ ಕೀಳುವ ಕಾಲದಲ್ಲಿ ಎರಡನ್ನೂ ಹೂಡುತ್ತಿದ್ದರು. ಹಳೆಯ ಗಾಡಿ ಬರುವುದು ಇಡೀ ಕೇರಿಗೆ ಕೇಳಿಸುತ್ತಿತ್ತು. ದಾರಿಯಲ್ಲಿ ಕಲ್ಲೊಂದು ಸಿಕ್ಕಿದರೆ ಆ ಪೆಟ್ಟು ಚಕ್ರದಿಂದ ಅಚ್ಚಿಗೆ, ಅಚ್ಚಿನಿಂದ ಮೂಕಿಗೆ, ಮೂಕಿಯಿಂದ ನೊಗಕ್ಕೆ ದಾಟಿ ಕೊನೆಗೆ ಎತ್ತಿನ ಹೆಗಲ ಮೇಲೆ ಬೀಳುತ್ತಿತ್ತು. ಟಯರ್ ಗಾಡಿಯ ಎತ್ತುಗಳು ಅದೇ ದಾರಿಯಲ್ಲಿ ಇನ್ನೂ ನಾಲ್ಕು ಮೂಟೆ ಹೆಚ್ಚು ಎಳೆದರೂ ಮನೆಗೆ ಬಂದಾಗ ಅಷ್ಟು ಸೋತಿರುತ್ತಿರಲಿಲ್ಲ. ಆಗ ನಾನು ಚಿಕ್ಕವನು, ರಬ್ಬರ್ ಮೆತ್ತಗಿರುವುದರಿಂದ ಹೀಗೆ ಎಂದುಕೊಂಡಿದ್ದೆ. ಟಯರ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷಗಳಾದ ಮೇಲೆ ಹೇಳುತ್ತೇನೆ, ಆ ಎತ್ತುಗಳನ್ನು ಕಾಪಾಡಿದ್ದು ಬರಿಯ ರಬ್ಬರ್ ಅಲ್ಲ. ನೆಲಕ್ಕೂ ಅಚ್ಚಿಗೂ ನಡುವೆ ಬಂದು ಕುಳಿತ ಒಂದು ಗೇಣು ಗಾಳಿ.

ಆ ಗಾಳಿ ಎಷ್ಟು ಎತ್ತರಕ್ಕೆ ಇರಬೇಕು ಎಂಬುದೇ ಇಂದಿನ ಮಾತು.

ಮುಂದಿನ ಸಾಲಿನವರ ಕೈಗೆ ಒಂದು ತುಂಡು ಕೊಟ್ಟಿದ್ದೇನೆ, ನೋಡಿ ಹಿಂದಕ್ಕೆ ದಾಟಿಸಿ. ಸವೆದುಹೋದ ಕಾರಿನ ಟಯರೊಂದನ್ನು ನಿನ್ನೆ ಅಂಗಡಿಯಲ್ಲಿ ಗ್ರೈಂಡರ್ ಹಿಡಿದು ಅಡ್ಡಲಾಗಿ ಕೊಯ್ದದ್ದು. ನೆಲಕ್ಕೆ ತಾಗುವ ಮೈಯ ಕಡೆ ನೋಡಿ, ರಬ್ಬರಿನ ಒಳಗೆ ತಂತಿಯ ಚುಕ್ಕೆಗಳು ಎರಡು ಸಾಲಾಗಿ ಹೊಳೆಯುತ್ತಿವೆ. ಅದು ಉಕ್ಕಿನ ಬೆಲ್ಟ್. ಕೆಳಗೆ, ಡಿಸ್ಕ್ (ಟಯರ್ ಕೂರುವ ಲೋಹದ ಚಕ್ರ) ಹಿಡಿದುಕೊಳ್ಳುವ ಅಂಚಿನಲ್ಲಿ, ದಪ್ಪ ತಂತಿಯ ಕಂತೆಯಿದೆ. ಅದನ್ನು ಬೀಡ್ ಎನ್ನುತ್ತೇವೆ. ಈ ಎರಡರ ನಡುವೆ ಇರುವುದು ಸೈಡ್‌ವಾಲ್, ನಾನು ಅದನ್ನು ಪಕ್ಕೆ ಎಂದು ಕರೆಯುತ್ತೇನೆ. ಪಕ್ಕೆಯಲ್ಲಿ ಹೊಳೆಯುವಂಥದ್ದು ಏನಾದರೂ ಕಾಣುತ್ತದೆಯೇ? ಇಲ್ಲ. ಅಲ್ಲಿರುವುದು ಒಂದು ಬೀಡಿನಿಂದ ಇನ್ನೊಂದು ಬೀಡಿಗೆ ಹಾಯುವ ಪಾಲಿಯೆಸ್ಟರ್ ದಾರದ ಒಂದೆರಡು ಪದರ, ಅದರ ಒಳಗೂ ಹೊರಗೂ ರಬ್ಬರ್. ಎಲ್ಲ ಸೇರಿ ನಿಮ್ಮ ಕಿರುಬೆರಳಿನ ದಪ್ಪವೂ ಇಲ್ಲ. ಎರಡು ಕೈಗಳಿಂದ ಹಿಡಿದು ಬಾಗಿಸಿ ನೋಡಿ, ಬಾಗುತ್ತದೆ. ಬಾಗಲೆಂದೇ ಅದನ್ನು ಹಾಗೆ ಮಾಡಿದ್ದಾರೆ. ಮೇಲಿನ ಮೈ ನೆಲವನ್ನು ಹಿಡಿಯಬೇಕು, ಪಕ್ಕೆ ಬಾಗಬೇಕು, ಬೀಡ್ ಬಿಡಬಾರದು. ಒಂದೇ ಟಯರಿನಲ್ಲಿ ಮೂರು ಬೇರೆ ಬೇರೆ ಕೆಲಸ.

ಪಕ್ಕೆಯ ಮೇಲೆ ಬರೆದಿರುವುದನ್ನು ಓದುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಓಡಾಡುವ ಅಳತೆಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ: 185/65 ಆರ್ 15 88ಎಚ್. 185 ಎಂದರೆ ಟಯರಿನ ಅಗಲ, ಮಿಲಿಮೀಟರ್‌ಗಳಲ್ಲಿ. ಆರ್ ಎಂದರೆ ರೇಡಿಯಲ್, ಅದರ ಕಥೆ ಆಮೇಲೆ ಹೇಳುತ್ತೇನೆ. 15 ಎಂದರೆ ಡಿಸ್ಕಿನ ವ್ಯಾಸ, ಇಂಚುಗಳಲ್ಲಿ. 88 ಹೊರುವ ತೂಕದ ಸಂಕೇತ, ಒಂದು ಟಯರಿಗೆ 560 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳುವಂತೆ ಮಾಡಿದ್ದು. ಮಿಲಿಮೀಟರ್ ಮತ್ತು ಇಂಚು ಒಂದೇ ಸಾಲಿನಲ್ಲಿ ಕುಳಿತಿರುವುದು ಹಳೆಯ ರೂಢಿ, ಜಗತ್ತೆಲ್ಲ ಅದನ್ನೇ ಒಪ್ಪಿಕೊಂಡಿದೆ.

ಜನ ಎಡವುವುದು 65ರಲ್ಲಿ. ಹತ್ತು ಜನರನ್ನು ಕೇಳಿದರೆ ಏಳು ಜನ ಅದನ್ನು ಎತ್ತರ ಎನ್ನುತ್ತಾರೆ. ಅದು ಎತ್ತರವಲ್ಲ, ಪಾಲು. ಅಗಲದ ನೂರರಲ್ಲಿ 65 ಪಾಲು ಪಕ್ಕೆಯ ಎತ್ತರ. 185ರ 65 ಪಾಲು ಎಂದರೆ 120 ಮಿಲಿಮೀಟರ್. ಹೀಗಾಗಿ ಅಗಲ ತಿಳಿಯದೆ 65 ಒಂದರಿಂದಲೇ ಏನೂ ತಿಳಿಯುವುದಿಲ್ಲ. 205/60 ಎಂಬ ಟಯರಿನ ಪಕ್ಕೆ ಎಷ್ಟು? 123 ಮಿಲಿಮೀಟರ್. ಅಂದರೆ 65ರ ಟಯರಿಗಿಂತ ಈ 60ರ ಟಯರೇ ಎತ್ತರ. ಥಾರ್ ಗಾಡಿಗೆ ಬರುವ 255/65 ಆರ್ 18ರಲ್ಲಿಯೂ ಅದೇ 65 ಇದೆ, ಆದರೆ ಅದರ ಪಕ್ಕೆ 166 ಮಿಲಿಮೀಟರ್. ಅಂಗಡಿಗೆ ಬಂದು ‘ಅಣ್ಣಾ, 60ರದ್ದು ಕೊಡಿ’ ಎಂದಷ್ಟೇ ಕೇಳುವುದು, ಬಟ್ಟೆ ಅಂಗಡಿಯಲ್ಲಿ ‘ಅರ್ಧ ಕೊಡಿ’ ಎಂದು ಕೇಳಿದಂತೆ. ಯಾವುದರ ಅರ್ಧ ಎಂದು ಹೇಳಲೇಬೇಕು.

ಹಿರಿಯ ಚಾಲಕರಿಗೆ ಅಂಬಾಸಿಡರ್ ಕಾರಿನ 5.90-15 ನೆನಪಿರಬೇಕು. ಜೀಪಿನ 6.00-16 ಕೂಡ. ಅವುಗಳಲ್ಲಿ ಪಾಲಿನ ಅಂಕಿಯೇ ಇರಲಿಲ್ಲ, ಅಗಲವೂ ಇಂಚಿನಲ್ಲಿ, ಡಿಸ್ಕೂ ಇಂಚಿನಲ್ಲಿ. ಬರೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ಕಾಲದ ಟಯರುಗಳೆಲ್ಲ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರವಾಗಿದ್ದವು. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ರೇಡಿಯಲ್ ಟಯರಿಗೆ ಪೇಟೆಂಟ್ ಪಡೆದ ಮೇಲೆ ಕಥೆ ಬದಲಾಯಿತು. ಹಳೆಯ ಟಯರಿನಲ್ಲಿ ಮೇಲ್ಮೈಗೂ ಪಕ್ಕೆಗೂ ಒಂದೇ ಓರೆ ನೇಯ್ಗೆಯ ಪದರಗಳು, ಒಂದು ಬಾಗಿದರೆ ಇನ್ನೊಂದೂ ಸೊಟ್ಟಗಾಗುತ್ತಿತ್ತು. ರೇಡಿಯಲ್‌ನಲ್ಲಿ ಮೇಲ್ಮೈಗೆ ಬೆಲ್ಟ್ ಬಿಗಿದು ಪಕ್ಕೆಯನ್ನು ಅದರಿಂದ ಬಿಡಿಸಿದರು. ಹಾಗೆ ಬಿಡಿಸಿದ ಮೇಲೆಯೇ ಅಗಲವನ್ನು ಹೆಚ್ಚಿಸಿ ಎತ್ತರವನ್ನು ತಗ್ಗಿಸಲು ದಾರಿ ಸಿಕ್ಕಿದ್ದು. 80 ಬಂತು, 70 ಬಂತು, ಈಗ ದುಬಾರಿ ಕಾರುಗಳಲ್ಲಿ 35, 30 ಕೂಡ ನೋಡುತ್ತೇವೆ.

ಈಗ ಒಂದು ಕಾರನ್ನು ಇಟ್ಟುಕೊಂಡು ಮಾತನಾಡೋಣ. ಮಾರುತಿ ಸ್ವಿಫ್ಟ್. ಈ ಸಭೆಗೆ ಬಂದ ಕಾರುಗಳಲ್ಲಿಯೇ ನಾಲ್ಕೈದು ಹೊರಗೆ ನಿಂತಿವೆ. ಅದರ ಕೆಳಗಿನ ಮಾದರಿಗಳಿಗೆ 165/80 ಆರ್ 14 ಬರುತ್ತದೆ, ಮೇಲಿನ ಮಾದರಿಗಳಿಗೆ ಅಲಾಯ್ ವೀಲ್ ಜೊತೆ 185/65 ಆರ್ 15. ಮೊದಲನೆಯದರ ಪಕ್ಕೆ 132 ಮಿಲಿಮೀಟರ್, ಎರಡನೆಯದರದ್ದು 120. ಡಿಸ್ಕನ್ನು ಮಿಲಿಮೀಟರಿಗೆ ತಿರುಗಿಸಿ, ಮೇಲೊಂದು ಕೆಳಗೊಂದು ಪಕ್ಕೆ ಸೇರಿಸಿದರೆ ಇಡೀ ಚಕ್ರದ ಎತ್ತರ ಸಿಗುತ್ತದೆ. 14ರದ್ದು 619.6, 15ರದ್ದು 621.5. ವ್ಯತ್ಯಾಸ ಎರಡು ಮಿಲಿಮೀಟರ್ ಕೂಡ ಇಲ್ಲ. ಕಾರು ಮಾಡಿದವರು ಡಿಸ್ಕನ್ನು ಒಂದು ಇಂಚು ಬೆಳೆಸಿದಾಗ ಪಕ್ಕೆಯನ್ನು ಅಷ್ಟೇ ಇಳಿಸಿ ಚಕ್ರದ ಒಟ್ಟು ಎತ್ತರವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಸ್ಪೀಡೋಮೀಟರ್, ಗೇರಿನ ಲೆಕ್ಕ, ಮಡ್‌ಗಾರ್ಡಿನ ಒಳಗಿನ ಜಾಗ, ಎಲ್ಲವೂ ಆ ಎತ್ತರವನ್ನೇ ನಂಬಿಕೊಂಡಿರುತ್ತವೆ.

ಒಂದೇ ಕಾರು, ಎರಡು ಪಕ್ಕೆಗಳು. ಓಡಿಸಿದರೆ ಏನು ಗೊತ್ತಾಗುತ್ತದೆ?

ಮೊದಲು ತಿಳಿಯಬೇಕಾದದ್ದು, ಕಾರನ್ನು ಹೊತ್ತಿರುವುದು ಗಾಳಿ. 1,200 ಕಿಲೋ ತೂಗುವ ಕಾರು ಎನ್ನಿ, ಒಂದೊಂದು ಚಕ್ರದ ಮೇಲೆ ಸುಮಾರು 300 ಕಿಲೋ. 32 ಪಾಯಿಂಟ್ ಗಾಳಿ ಎಂದರೆ ಒಂದು ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ ಒತ್ತಡ. ಭಾಗಿಸಿದರೆ ಸುಮಾರು 133 ಚದರ ಸೆಂಟಿಮೀಟರ್. ನಿಮ್ಮ ಅಂಗೈ ಬಿಚ್ಚಿ ನೋಡಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಜಾಗ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವಾಗ ನೆಲವನ್ನು ಹಿಡಿದಿರುವುದು ನಾಲ್ಕು ಅಂಗೈಗಳು. ನಾನು ಇದನ್ನು ಪ್ರತಿ ಬಾರಿ ಹೇಳುವಾಗಲೂ ನನಗೇ ಮೈ ಜುಮ್ಮೆನ್ನುತ್ತದೆ.

ಸ್ಟೀರಿಂಗ್ ತಿರುಗಿಸಿದಾಗ ಮೊದಲು ತಿರುಗುವುದು ಡಿಸ್ಕ್. ನೆಲ ಹಿಡಿದ ಆ ಅಂಗೈಯಷ್ಟು ರಬ್ಬರ್ ಮಾತ್ರ ಇದ್ದ ಕಡೆಯೇ ನಿಂತಿರಲು ನೋಡುತ್ತದೆ. ನಡುವೆ ಇರುವ ಪಕ್ಕೆ ಓರೆಯಾಗಿ ಬಾಗುತ್ತದೆ, ಬಾಗಿ ಎಳೆಯುತ್ತದೆ, ಆಮೇಲೆ ಟಯರಿನ ಮೈ ಹಿಂಬಾಲಿಸುತ್ತದೆ. ಇದೆಲ್ಲ ಕಣ್ಣೆವೆ ಮಿಟುಕಿಸುವುದರೊಳಗೆ ಮುಗಿದರೂ ಕೈಗೆ ಅದು ಗೊತ್ತಾಗುತ್ತದೆ. 132 ಮಿಲಿಮೀಟರಿನ ಪಕ್ಕೆ ಬಾಗಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕಾರು ತಿರುವಿಗೆ ನಿಧಾನವಾಗಿ ವಾಲುತ್ತದೆ. 120ರದ್ದು ಬೇಗ ಎಳೆಯುತ್ತದೆ. 92ಕ್ಕೆ ಇಳಿಸಿದರೆ ಸ್ಟೀರಿಂಗ್ ಮುಟ್ಟಿದ ಕೂಡಲೇ ಮೂಗು ತಿರುಗುತ್ತದೆ. ಇದು ನಿಜವಾದ ಸುಖ, ನಾನು ಅಲ್ಲಗಳೆಯುವುದಿಲ್ಲ. ಮೈಸೂರು ಬೆಂಗಳೂರು ಹೆದ್ದಾರಿಯಂಥ ನುಣುಪು ರಸ್ತೆಯಲ್ಲಿ ಗಿಡ್ಡ ಪಕ್ಕೆಯ ಕಾರು ಗೆರೆ ಹಿಡಿದು ಹೋಗುತ್ತದೆ, ಪಕ್ಕದಲ್ಲಿ ಬಸ್ ಹಾದುಹೋದಾಗ ಅಷ್ಟು ಓಲಾಡುವುದಿಲ್ಲ.

ಆದರೆ ಎತ್ತರದ ಪಕ್ಕೆಗೆ ಒಂದು ಒಳ್ಳೆಯ ಗುಣವಿದೆ, ಅದು ಮುನ್ಸೂಚನೆ ಕೊಡುತ್ತದೆ. ತಿರುವಿನಲ್ಲಿ ವೇಗ ಮಿತಿ ಮೀರುತ್ತಿದ್ದಂತೆ ಟಯರ್ ಕೀರಲು ಶುರು ಮಾಡುತ್ತದೆ, ಕಾರು ವಾಲುತ್ತದೆ, ಚಾಲಕ ಹುಷಾರಾಗಲು ಸಮಯವಿರುತ್ತದೆ. ಗಿಡ್ಡ ಪಕ್ಕೆಯ ಅಗಲ ಟಯರ್ ಕೊನೆಯವರೆಗೂ ಗಟ್ಟಿಯಾಗಿ ಹಿಡಿದುಕೊಂಡಿದ್ದು ಒಮ್ಮೆಲೇ ಬಿಟ್ಟುಬಿಡುವುದು ಹೆಚ್ಚು. ಮಳೆ ಬಿದ್ದ ರಸ್ತೆಯಲ್ಲಿ ಅಗಲ ಟಯರ್ ನೀರಿನ ಮೇಲೆ ತೇಲುವುದೂ ಬೇಗ, ಏಕೆಂದರೆ ಅದೇ ತೂಕ ಹೆಚ್ಚು ಅಗಲಕ್ಕೆ ಹಂಚಿಹೋಗಿ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಹೆಚ್ಚಾಗುತ್ತದೆ. ಸಕಲೇಶಪುರದ ಕಡೆಯವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಗುಂಡಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಅಂಗಡಿಯ ಅರ್ಧ ಬದುಕು ಗುಂಡಿಯಲ್ಲಿಯೇ ಕಳೆದಿದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಸ್ವಿಫ್ಟ್ ತಂದ. ಮನೆ ಸಕಲೇಶಪುರದ ಆಚೆ, ಕಾಫಿ ತೋಟದ ಒಳಗೆ. 17 ಇಂಚಿನ ಅಲಾಯ್ ವೀಲ್ ಹಾಕಿಸಬೇಕು ಎಂದ. ಎಲ್ಲೋ ಚಿತ್ರ ನೋಡಿ ಮನಸ್ಸು ಮಾಡಿಕೊಂಡು ಬಂದಿದ್ದ. ನಾನು ಲೆಕ್ಕ ಹಾಕಿ 205/45 ಆರ್ 17 ತರಿಸಿಕೊಟ್ಟೆ. ಒಟ್ಟು ಎತ್ತರ 616 ಮಿಲಿಮೀಟರ್, ಹಳೆಯದಕ್ಕಿಂತ ಐದೇ ಮಿಲಿಮೀಟರ್ ಕಡಿಮೆ. ಲೆಕ್ಕ ಸರಿಯಾಗಿತ್ತು, ಕಾರು ನೋಡಲು ಬಹಳ ಚೆನ್ನಾಗಿ ಕಾಣುತ್ತಿತ್ತು. ಪಕ್ಕೆ ಮಾತ್ರ 120ರಿಂದ 92ಕ್ಕೆ ಇಳಿದಿತ್ತು. ಅಂದರೆ ಡಿಸ್ಕಿಗೂ ನೆಲಕ್ಕೂ ನಡುವಿನ ಗಾಳಿಯಲ್ಲಿ 28 ಮಿಲಿಮೀಟರ್ ತೆಗೆದುಬಿಟ್ಟಿದ್ದೆ, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು.

ಮಳೆಗಾಲ ಮುಗಿಯುವ ಮೊದಲು ಅವನು ಮೂರು ಬಾರಿ ಬಂದ. ಮೊದಲ ಸಲ ಎಡಗಡೆಯ ಮುಂದಿನ ಟಯರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಎರಡನೆಯ ಸಲ ಡಿಸ್ಕಿನ ಅಂಚು ಒಳಕ್ಕೆ ಬಾಗಿ ರಾತ್ರಿಯಿಡೀ ಗಾಳಿ ಇಳಿಯುತ್ತಿತ್ತು. ಮೂರನೆಯ ಸಲ ಮತ್ತೆ ಉಬ್ಬು, ಈ ಬಾರಿ ಹಿಂದಿನ ಟಯರ್. ಮೊದಲು ಬಿಚ್ಚಿದ ಟಯರಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಒಳಮೈಯಲ್ಲಿ ಉಗುರಿನಷ್ಟು ಉದ್ದದ ಸೀಳು ಇತ್ತು. ಬೆರಳು ಆಡಿಸಿದರೆ ತುಂಡಾದ ದಾರದ ತುದಿಗಳು ಒರಟಾಗಿ ತಾಗುತ್ತಿದ್ದವು. ಆದದ್ದು ಇಷ್ಟೇ: ಗುಂಡಿಯ ಅಂಚು ಕೆಳಗಿನಿಂದ ಬಂದು ಬಡಿದಿದೆ, ಡಿಸ್ಕಿನ ಅಂಚು ಮೇಲಿನಿಂದ ಇಳಿದಿದೆ, ಪಕ್ಕೆ ಎರಡರ ನಡುವೆ ಅಡಿಕೆ ಕತ್ತರಿಯಲ್ಲಿ ಸಿಕ್ಕಿದ ಹಾಗೆ ಸಿಕ್ಕಿಕೊಂಡಿದೆ. ದಾರ ತುಂಡಾದ ಕಡೆ ಗಾಳಿಯನ್ನು ತಡೆಯುವವರು ಯಾರೂ ಇಲ್ಲ, ಬರಿಯ ರಬ್ಬರ್ ಉಬ್ಬಿ ಹೊರಗೆ ಬಂದಿದೆ.

ಅಂಥ ಉಬ್ಬಿಗೆ ರಿಪೇರಿ ಇಲ್ಲ. ಮೇಲ್ಮೈಯಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಬಹುದು, ಹಿಂದೆ ಉಕ್ಕಿನ ಬೆಲ್ಟ್ ಇದೆ, ಆ ಜಾಗ ಹೆಚ್ಚು ಬಾಗುವುದಿಲ್ಲ. ಪಕ್ಕೆ ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ, ಅಲ್ಲಿ ಅಂಟಿಸಿದ್ದು ನಿಲ್ಲುವುದಿಲ್ಲ. ‘ಪಕ್ಕೆಗೂ ಪ್ಯಾಚ್ ಹಾಕಿಕೊಡುತ್ತೇನೆ’ ಎನ್ನುವವರ ಅಂಗಡಿಯಿಂದ ದಯವಿಟ್ಟು ಎದ್ದು ಬನ್ನಿ.

ಆ ಹುಡುಗನ ವಿಷಯದಲ್ಲಿ ತಪ್ಪು ನನ್ನದು. ಎಲ್ಲ ಅಳತೆ ಕೇಳಿದ ನಾನು ‘ದಿನವೂ ಯಾವ ದಾರಿಯಲ್ಲಿ ಓಡಿಸುತ್ತೀರಿ’ ಎಂದು ಕೇಳಲಿಲ್ಲ. ಕೊನೆಗೆ ಅವನ ಹಳೆಯ 15 ಇಂಚಿನ ಚಕ್ರಗಳನ್ನೇ ಮತ್ತೆ ಹಾಕಿದೆವು. ಅಂದಿನಿಂದ ಅಳತೆ ಬದಲಿಸಲು ಯಾರೇ ಬಂದರೂ ನನ್ನ ಮೊದಲ ಪ್ರಶ್ನೆ ಊರು ಯಾವುದು, ದಾರಿ ಯಾವುದು ಎಂಬುದೇ.

ಅಪ್‌ಸೈಜ್ ಮಾಡುವುದೇ, ಅಂದರೆ ಕಾರಿನ ಜೊತೆ ಬಂದದ್ದಕ್ಕಿಂತ ದೊಡ್ಡ ಡಿಸ್ಕ್ ಅಥವಾ ಅಗಲ ಟಯರ್ ಹಾಕಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲೆಕ್ಕವಿಲ್ಲದೆ ಮಾಡುವುದು ತಪ್ಪು. ಎರಡು ಲೆಕ್ಕಗಳನ್ನು ಮಾತ್ರ ಹೇಳುತ್ತೇನೆ.

ಒಂದು, ಒಟ್ಟು ಎತ್ತರ. 185/65 ಆರ್ 15 ಇದ್ದ ಕಡೆ ‘ಸ್ವಲ್ಪ ಅಗಲ ಇರಲಿ’ ಎಂದು 205/65 ಆರ್ 15 ಹಾಕುವವರಿದ್ದಾರೆ. ಅಂಕಿ ಅದೇ 65, ಡಿಸ್ಕ್ ಅದೇ 15, ಬದಲಾದದ್ದು ಅಗಲ ಮಾತ್ರ ಎಂದು ನಂಬಿರುತ್ತಾರೆ. 65 ಪಾಲು ಎಂಬುದನ್ನು ಮರೆತದ್ದರ ಫಲ ಇದು. ಅಗಲ ಬೆಳೆದರೆ ಪಕ್ಕೆಯೂ ಜೊತೆಗೆ ಬೆಳೆಯುತ್ತದೆ. 621.5 ಇದ್ದ ಚಕ್ರ 647.5 ಆಗುತ್ತದೆ, ನೂರಕ್ಕೆ ನಾಲ್ಕರಷ್ಟು ಹೆಚ್ಚು. ಮೀಟರಿನ ಲೆಕ್ಕದಲ್ಲಿ 100ರ ವೇಗ ಎಂದರೆ ನಿಜಕ್ಕೆ 104. ಓಡಿದ ದೂರವನ್ನೂ ಮೀಟರ್ ಕಡಿಮೆ ತೋರಿಸುತ್ತದೆ. ಮೈಲೇಜ್ ಬಿದ್ದುಹೋಯಿತು ಎಂದು ಬರುವ ಕೆಲವರ ದೂರಿನಲ್ಲಿ ಸ್ವಲ್ಪ ಭಾಗ ಹೀಗೆ ಮೀಟರ್ ನುಂಗಿದ ಕಿಲೋಮೀಟರುಗಳು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಒಳಗೆಲ್ಲೋ ಉಜ್ಜುವುದು ಬೇರೆ.

ಎರಡು, ತೂಕ. ಅಗಲ ಟಯರ್ ಹೆಚ್ಚು ಹೊರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಹೊರುವುದು ಗಾಳಿ ಎಂದೆನಲ್ಲ, ಪಕ್ಕೆ ಗಿಡ್ಡವಾದರೆ ಒಳಗೆ ಹಿಡಿಯುವ ಗಾಳಿ ಕಡಿಮೆ. 185/65 ಆರ್ 15ರ ಮೇಲೆ 88 ಎಂದಿತ್ತು, 560 ಕಿಲೋ. 195/55 ಆರ್ 16ರ ಮೇಲೆ ಸಾಮಾನ್ಯವಾಗಿ 87 ಇರುತ್ತದೆ, 545 ಕಿಲೋ. 205/45 ಆರ್ 17ರ ಸಾದಾ ಟಯರಿನ ಮೇಲೆ 84, ಅಂದರೆ 500 ಕಿಲೋ. ಅಗಲ 20 ಮಿಲಿಮೀಟರ್ ಹೆಚ್ಚಾಯಿತು, ಹೊರುವ ಶಕ್ತಿ 60 ಕಿಲೋ ತಗ್ಗಿತು. ಸ್ವಿಫ್ಟ್‌ನಂಥ ಹಗುರ ಕಾರಿಗೆ 500 ಕಿಲೋ ಧಾರಾಳವಾಗಿ ಸಾಲುತ್ತದೆ. ಏಳು ಜನರನ್ನು, ಮೇಲೆ ಲಗೇಜನ್ನು ಹೊರುವ ಟ್ಯಾಕ್ಸಿಯಲ್ಲಿ ಇದೇ ಕೆಲಸ ಮಾಡಿದರೆ ಟಯರ್ ತನ್ನ ಮಿತಿಯ ಹತ್ತಿರವೇ ದಿನವೂ ದುಡಿಯುತ್ತಿರುತ್ತದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಯಾವ ಅಳತೆ, ಎಷ್ಟು ಗಾಳಿ ಎಂದು ಅದರಲ್ಲಿ ಬರೆದಿರುತ್ತದೆ. ಹೊಸ ಟಯರಿನ ಮೇಲಿನ ತೂಕದ ಅಂಕಿ ಕಾರಿನ ಜೊತೆ ಬಂದ ಟಯರಿನ ಅಂಕಿಗಿಂತ ಕೆಳಗೆ ಇಳಿಯಬಾರದು, ನನ್ನ ಅಂಗಡಿಯಲ್ಲಿ ಈಗ ಅದು ಕಟ್ಟುನಿಟ್ಟು.

ಪಕ್ಕೆಯೇ ಸ್ಪ್ರಿಂಗ್ ಎಂಬುದಕ್ಕೆ ನಮ್ಮ ಹೊಲದಲ್ಲಿಯೇ ಸಾಕ್ಷಿ ಇದೆ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಪಟ್ಟಿಯ ಸ್ಪ್ರಿಂಗ್ ಇದೆಯೇ? ಇಲ್ಲ. ಇಂಜಿನ್, ಗೇರ್ ಪೆಟ್ಟಿಗೆ, ಅಚ್ಚು ಎಲ್ಲ ಒಂದೇ ಗಟ್ಟಿ ಮೈ. ಉಳುವಾಗ ಕೂತವನ ಸೊಂಟವನ್ನು ಉಳಿಸುವುದು ಸೀಟಿನ ಕೆಳಗಿನ ಸ್ಪ್ರಿಂಗು ಮತ್ತು ಆ ದೊಡ್ಡ ಟಯರಿನ ಎತ್ತರದ ಪಕ್ಕೆ, ಇವೆರಡೇ. ಕೆಸರುಗದ್ದೆಗೆ ಇಳಿಯುವ ಮೊದಲು ಗಾಳಿ ತಗ್ಗಿಸುವ ರೈತರಿಗೆ ಯಾರೂ ಪಾಠ ಮಾಡಿಲ್ಲ. ಗಾಳಿ ತಗ್ಗಿದರೆ ಪಕ್ಕೆ ಬಾಗುತ್ತದೆ, ಟಯರ್ ಹೆಚ್ಚು ನೆಲ ಹಿಡಿಯುತ್ತದೆ, ಹೂತುಕೊಳ್ಳುವುದಿಲ್ಲ ಎಂದು ಗದ್ದೆಯೇ ಕಲಿಸಿದೆ. ಮಡಿಕೇರಿಯ ಹತ್ತಿರ ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುವ ಜೀಪುಗಳನ್ನು ನೋಡಿ, ಒಂದರಲ್ಲಿಯೂ ಗಿಡ್ಡ ಪಕ್ಕೆಯ ಟಯರ್ ಕಾಣುವುದಿಲ್ಲ.

ಇನ್ನೊಂದು ತುದಿಯಲ್ಲಿ ಫಾರ್ಮುಲಾ ಒನ್ ಇದೆ. ಅಷ್ಟು ವೇಗದ ಕಾರುಗಳಿಗೆ ಗಿಡ್ಡ ಪಕ್ಕೆ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ 2021ರವರೆಗೂ ಅವು ಓಡಿದ್ದು 13 ಇಂಚಿನ ಡಿಸ್ಕಿನ ಮೇಲೆ. 670 ಮಿಲಿಮೀಟರ್ ಎತ್ತರದ ಟಯರಿನಲ್ಲಿ 170 ಮಿಲಿಮೀಟರ್ ಪಕ್ಕೆ. ಕಾರಿನ ಸಸ್ಪೆನ್ಷನ್ ಕಲ್ಲಿನಂತೆ ಗಟ್ಟಿ, ಬಾಗುವ ಕೆಲಸದ ದೊಡ್ಡ ಪಾಲು ಟಯರಿನದೇ. 2022ರಲ್ಲಿ 18 ಇಂಚಿಗೆ ಹೋದರು, ಟಯರ್ 720 ಮಿಲಿಮೀಟರ್ ಆಯಿತು, ಪಕ್ಕೆ 131ಕ್ಕೆ ಇಳಿಯಿತು. ಟಯರ್ ಬಿಟ್ಟುಕೊಟ್ಟ ಕೆಲಸವನ್ನು ಹೊರಲು ತಂಡಗಳು ಸಸ್ಪೆನ್ಷನ್ನಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಾಯಿತು. ಗಮನಿಸಿ, ಅಷ್ಟು ವೇಗದ ರೇಸ್ ಕಾರಿನ ಇಂದಿನ ‘ಗಿಡ್ಡ’ ಪಕ್ಕೆ ಕೂಡ ನಿಮ್ಮ ಸ್ವಿಫ್ಟಿನ 15 ಇಂಚಿನ ಟಯರಿಗಿಂತ ಎತ್ತರವೇ ಇದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಹಿಂದಿನ ಸಾಲಿನಿಂದ ಒಬ್ಬ ಟ್ಯಾಕ್ಸಿ ಚಾಲಕರು ಎದ್ದು ನಿಂತರು. ‘ಅಣ್ಣಾ, ನನ್ನ ಗಾಡಿ ಗುಂಡಿಯಲ್ಲಿ ಬಹಳ ಎತ್ತಿಹಾಕುತ್ತದೆ. ಐದಾರು ಪಾಯಿಂಟ್ ಕಡಿಮೆ ಗಾಳಿ ಹೊಡೆಸಿದರೆ ಮೆತ್ತಗಾಗುತ್ತದೆ. ಹಾಗೆ ಓಡಿಸಿದರೆ ಏನಾಗುತ್ತದೆ?’

ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡುವ ವೇಗದಲ್ಲಿ ಓಡಿಸಿದರೆ ಏನೂ ಆಗುವುದಿಲ್ಲ. ಹೆದ್ದಾರಿಯ ಮಾತು ಬೇರೆ. 621 ಮಿಲಿಮೀಟರಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಕೂಡ ಹೋಗುವುದಿಲ್ಲ, ಒಂದು ಕಿಲೋಮೀಟರಿಗೆ 512 ಸುತ್ತು. 100ರ ವೇಗದಲ್ಲಿ ಸೆಕೆಂಡಿಗೆ 14 ಸುತ್ತು. ಬೆಂಗಳೂರಿನಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರ್ ಎಂದರೆ ಪಕ್ಕೆಯ ಒಂದೊಂದು ಜಾಗವೂ 60 ಸಾವಿರ ಬಾರಿ ಬಾಗಿ ಏಳುತ್ತದೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಬಿಸಿಯಾಗುತ್ತದೆಯಲ್ಲ, ಹಾಗೆಯೇ ಇದು. ಗಾಳಿ ಕಡಿಮೆ ಇದ್ದರೆ ಪ್ರತಿ ಬಾರಿಯೂ ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ, ಒಳಗೆ ದಾರಕ್ಕೂ ರಬ್ಬರಿಗೂ ಇರುವ ಅಂಟು ಬಿಡಲು ಶುರುವಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಟಯರ್ ಸಿಡಿಯುವ ಹಿಂದೆ ಈ ಕಥೆ ಇರುವುದು ಬಹಳ. ಬಾಗಿಲಿನ ಚೀಟಿಯಲ್ಲಿ ಇರುವಷ್ಟೇ ಹೊಡೆಸಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ಹೊಡೆಸಿ. ಓಡಿ ಬಿಸಿಯಾದ ಮೇಲೆ ಎರಡು ಮೂರು ಪಾಯಿಂಟ್ ಹೆಚ್ಚು ತೋರಿಸುವುದು ಸಹಜ, ಆಗ ಬಿಡಬೇಡಿ. ಗುಂಡಿಗೆ ಮದ್ದು ಬೇಕಾದರೆ ಎತ್ತರದ ಪಕ್ಕೆಯ ಮಾದರಿಯನ್ನು ಹುಡುಕಿ, ಗಾಳಿಯನ್ನು ಕದಿಯಬೇಡಿ.

ಶಾಲಾ ಶಿಕ್ಷಕಿಯೊಬ್ಬರು ಕೇಳಿದರು. ‘ನನ್ನ ಸ್ಕೂಟರಿನ ಟಯರಿನ ಮೇಲೆ 90/100-10 ಎಂದಿದೆ. ನೀವು ಹೇಳಿದ ಲೆಕ್ಕದಲ್ಲಿ ಪಾಲು 100, ಎಂದರೆ ಎಲ್ಲಕ್ಕಿಂತ ಎತ್ತರದ ಪಕ್ಕೆ. ಹಾಗಾದರೆ ಅದೇಕೆ ಅಷ್ಟು ಎತ್ತಿಹಾಕುತ್ತದೆ?’

ಮೇಡಂ, ಇಡೀ ಸಂಜೆಯ ಒಳ್ಳೆಯ ಪ್ರಶ್ನೆ ಇದು. ಪಾಲು 100 ನಿಜ, ಆದರೆ 90ರ ನೂರು ಪಾಲು ಎಂದರೆ 90 ಮಿಲಿಮೀಟರ್ ಮಾತ್ರ. ಡಿಸ್ಕ್ 10 ಇಂಚು, ಅಂದರೆ 254. ಎಲ್ಲ ಸೇರಿ ಚಕ್ರ 434 ಮಿಲಿಮೀಟರ್. ಇಲ್ಲಿ ತೊಂದರೆ ಪಕ್ಕೆಯದಲ್ಲ, ಚಕ್ರ ಚಿಕ್ಕದು. ದೊಡ್ಡ ಚಕ್ರ ಗುಂಡಿಯ ಮೇಲೆ ಹಾದುಹೋದರೆ ಚಿಕ್ಕ ಚಕ್ರ ಅದರೊಳಗೆ ಇಳಿದು ಎದ್ದುಬರುತ್ತದೆ. ಸ್ಪ್ಲೆಂಡರ್ ಬೈಕಿನ 80/100-18ರಲ್ಲಿ ಪಕ್ಕೆ 80 ಮಿಲಿಮೀಟರ್, ನಿಮ್ಮದಕ್ಕಿಂತ ಗಿಡ್ಡ. ಆದರೂ ಚಕ್ರ 617 ಮಿಲಿಮೀಟರ್ ಇರುವುದರಿಂದ ಅದು ಹಳ್ಳಿಯ ದಾರಿಯಲ್ಲಿ ನಿಶ್ಚಿಂತೆಯಾಗಿ ಹೋಗುತ್ತದೆ. ಈಗ ಕೆಲವು ಸ್ಕೂಟರುಗಳಿಗೆ ಮುಂದೆ 12 ಇಂಚಿನ ಡಿಸ್ಕ್ ಕೊಡುತ್ತಿದ್ದಾರೆ. ಮುಂದಿನ ಸಲ ಕೊಳ್ಳುವಾಗ ಅದನ್ನು ಕೇಳಿ ನೋಡಿ.

ಕೊನೆಗೆ ಒಬ್ಬ ಹಿರಿಯರು ಎದ್ದರು. ಅವರ ಕಾರಿನ ನಾಲ್ಕು ಚಕ್ರ ಒಂದು ಅಳತೆ, ಸ್ಟೆಪ್ನಿ ಇನ್ನೊಂದು ಅಳತೆ. ಮುಂದಿನ ಟಯರ್ ಪಂಕ್ಚರ್ ಆದರೆ ಅದನ್ನು ಹಾಕಿಕೊಂಡು ಊರು ತಲುಪಬಹುದೇ ಎಂಬುದು ಅವರ ಪ್ರಶ್ನೆ.

ಮೊದಲು ಎರಡರ ಒಟ್ಟು ಎತ್ತರ ಲೆಕ್ಕ ಹಾಕಿ. ಸ್ವಿಫ್ಟಿನ 14 ಮತ್ತು 15ರ ಹಾಗೆ ಎರಡೂ ಒಂದೇ ಎತ್ತರವಿದ್ದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಚಿಂತೆಯಿಲ್ಲ. ಸ್ಟೆಪ್ನಿ ಗಿಡ್ಡವಾಗಿದ್ದರೆ ಅದನ್ನು ಮುಂದೆ ಹಾಕಬೇಡಿ, ಏಕೆಂದರೆ ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಒಂದು ಚಕ್ರ ದೊಡ್ಡದು ಒಂದು ಚಿಕ್ಕದು ಆದರೆ ನೇರ ದಾರಿಯಲ್ಲಿಯೂ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ತಿರುವಿನಲ್ಲಿದ್ದಂತೆ ಬಿಡುವಿಲ್ಲದೆ ತಿರುಗುತ್ತಲೇ ಇರುತ್ತದೆ. ಹಿಂದಿನ ಒಂದು ಒಳ್ಳೆಯ ಚಕ್ರವನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದೆ ಹಾಕಿ. ಎರಡು ಸಲ ಜಾಕ್ ಎತ್ತಬೇಕು, ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಸಣ್ಣ ಸ್ಟೆಪ್ನಿಯ ಮೇಲೆ 80 ಎಂಬ ವೇಗದ ಮಿತಿ ಬರೆದಿದ್ದರೆ ಅದನ್ನು ಮೀರಬೇಡಿ.

ಸಭೆ ಮುಗಿದ ಮೇಲೆ ಆ ಹಿರಿಯರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಬೀದಿ ದೀಪದ ಕೆಳಗೆ ಡಿಕ್ಕಿ ತೆರೆದು, ಸ್ಟೆಪ್ನಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ತಾವೇ ಗಟ್ಟಿಯಾಗಿ ಓದಿದರು. ಮೊಬೈಲಿನಲ್ಲಿ ಗುಣಾಕಾರ ಮಾಡಿದವರೂ ಅವರೇ. ವ್ಯತ್ಯಾಸ ಎರಡು ಮಿಲಿಮೀಟರ್ ಬಂತು. ಗಾಳಿ ನೋಡಿದೆ, 32 ಇರಬೇಕಾದ ಕಡೆ 11 ಇತ್ತು. ಅಂಗಡಿಯ ಬೀಗ ತೆಗೆದು ಕಂಪ್ರೆಸರ್ ಹಾಕಿದೆ.